ರಾಷ್ಟ್ರಪತಿ ಚುನಾವಣೆ ನ್ಯಾಯವಾದದ್ದೇ?

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಶರಣ ಬಂಧುಗಳು ಸೇರಿದ್ದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಗೋಷ್ಠಿಗೆ ರಾಷ್ಟ್ರಪತಿ ಚುನಾವಣೆಯ ವಿಷಯ ಇಟ್ಟುಕೊಂಡಿದ್ದೇವೆ ಎಂದಾಗ ಕೆಲವರು, "ಅದಕ್ಕ ನಾವೇನು ಓಟು ಹಾಕತೀವೇನು? ಮಠದಾಗ ಅದರ ಮಾತು ಯಾಕ?" ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ಗಾದಿಗೆ ದತ್ತಕ ತೆಗೆದುಕೊಂಡ ಮಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದಲ್ಲಿ ಕುಳಿತ ಥ್ಯಾಕರೆ ಎಂಬ ಅಧಿಕಾರಿ ಕಿತ್ತೂರಿಗೆ ಯಜಮಾನ ಯಾರು, ಯಾರಲ್ಲ ಎಂದು ಹೇಳಲು ಹೊರಟ. ರಾಣಿ ಚನ್ನಮ್ಮ ಒಪ್ಪಲಿಲ್ಲ. ಅವಳ ಸಮಾಧಿ ಇದೇ ಬೈಲಹೊಂಗಲದಲ್ಲಿದೆ. ನೂರು ವರ್ಷಗಳ ಮೇಲೆ, 1939ರಲ್ಲಿ, ರಾಮದುರ್ಗ ಸಂಸ್ಥಾನದ ಪ್ರಜೆಗಳು ತಮ್ಮ ಮಾತು ಕೇಳದ ಆಡಳಿತದ ವಿರುದ್ಧ ಎದ್ದರು, ಜೀವವನ್ನೂ ತೆತ್ತರು. ಯಜಮಾನನನ್ನು ಯಾರು ಆರಿಸಬೇಕು ಎಂಬ ಪ್ರಶ್ನೆಗೆ ಈ ನೆಲ ರಕ್ತ ಕೊಟ್ಟಿದೆ. ಇಂದು ದೇಶದ ಮೊದಲ ಪ್ರಜೆಯನ್ನು ಹುಟ್ಟಿನಿಂದಲ್ಲ, ಮತದಿಂದ ಆರಿಸುತ್ತೇವೆ. ಆ ಮತ ಹೇಗೆ ಬೀಳುತ್ತದೆ, ಹೇಗೆ ಎಣಿಸುತ್ತಾರೆ, ಅದರಲ್ಲಿ ನಮ್ಮ ಪಾಲು ಎಷ್ಟು ಎಂದು ತಿಳಿಯದೇ ಕುಳಿತರೆ ಆ ಹಿರಿಯರ ಋಣ ತೀರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ದ್ರೌಪದಿ ಮುರ್ಮು ಅವರು 2022ರ ಜುಲೈ 25ರಂದು ಅಧಿಕಾರ ವಹಿಸಿಕೊಂಡರು. ಅವಧಿ ಐದು ವರ್ಷ. ಅಂದರೆ ಮುಂದಿನ ಚುನಾವಣೆ 2027ರ ಜುಲೈದೊಳಗೆ ಆಗಬೇಕು. ಅದು ಬಂದಾಗ ಟೀವಿಯವರು ಒಂದು ವಾರ ಗದ್ದಲ ಮಾಡುತ್ತಾರೆ. ಗದ್ದಲಕ್ಕಿಂತ ಮೊದಲೇ ನಾವು ಶಾಂತವಾಗಿ ಕುಳಿತು ಯೋಚಿಸುವುದು ಒಳ್ಳೆಯದು.

ಮೊದಲು ಪದ್ಧತಿಯನ್ನು ತಿಳಿದುಕೊಳ್ಳೋಣ. ಸಂವಿಧಾನದ 54 ಮತ್ತು 55ನೆಯ ಅನುಚ್ಛೇದಗಳ ಪ್ರಕಾರ ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ವಿಧಾನಸಭೆಗಳ ಚುನಾಯಿತ ಶಾಸಕರು. ನಾಮಕರಣಗೊಂಡವರಿಗೆ ಮತವಿಲ್ಲ. ನಮ್ಮ ವಿಧಾನ ಪರಿಷತ್ತಿನ ಸದಸ್ಯರಿಗೂ ಮತವಿಲ್ಲ. ಒಬ್ಬ ಶಾಸಕನ ಮತ ಒಂದೇ ಎಂದು ಎಣಿಸುವುದಿಲ್ಲ, ಅದಕ್ಕೊಂದು ಮೌಲ್ಯವಿದೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಬೇಕು. ಲೆಕ್ಕಕ್ಕೆ ಹಿಡಿಯುವುದು 1971ರ ಜನಗಣತಿ. ಆಗ ನಮ್ಮ ರಾಜ್ಯದ ಜನ 2,92,99,014. ಶಾಸಕರು 224. ಭಾಗಿಸಿದರೆ ಒಬ್ಬ ಶಾಸಕನ ಮತಕ್ಕೆ 131 ಬೆಲೆ. ಇಡೀ ಕರ್ನಾಟಕಕ್ಕೆ 29,344.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ವಿಧಾನಸಭಾ ಕ್ಷೇತ್ರಗಳು. ನಾಲ್ಕು ಶಾಸಕರ ಮತ ಸೇರಿದರೆ 524. ಇದರ ಮೇಲೆ ಇಬ್ಬರು ಸಂಸದರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ, ಕಿತ್ತೂರು ಉತ್ತರ ಕನ್ನಡದಲ್ಲಿದೆ. ದೇಶದ ಎಲ್ಲ ಶಾಸಕರ ಮತಮೌಲ್ಯ ಕೂಡಿಸಿ ಅದನ್ನು ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದರ ಮತದ ಬೆಲೆ ಸಿಗುತ್ತದೆ. 2022ರಲ್ಲಿ ಅದು 700 ಇತ್ತು. ಶಾಸಕರ ಒಟ್ಟು ಬೆಲೆ 5,43,231, ಸಂಸದರದ್ದು 5,43,200. ರಾಜ್ಯಗಳ ತಕ್ಕಡಿ ಮತ್ತು ದಿಲ್ಲಿಯ ತಕ್ಕಡಿ ಸಮ ತೂಗಬೇಕೆಂದು ಸಂವಿಧಾನ ಬರೆದವರು ಹೀಗೆ ಮಾಡಿದರು.

ಜನರೇ ನೇರವಾಗಿ ಆರಿಸಿದ್ದರೆ ಆಗುತ್ತಿರಲಿಲ್ಲವೇ? ಸಂವಿಧಾನ ಸಭೆಯಲ್ಲಿಯೇ ಕೆ.ಟಿ. ಶಾ ಅವರು ಈ ವಾದ ಮಂಡಿಸಿದ್ದರು. ನಮ್ಮಲ್ಲಿ ಆಡಳಿತ ನಡೆಸುವುದು ಪ್ರಧಾನಿ ಮತ್ತು ಮಂತ್ರಿಮಂಡಲ. ಕೋಟ್ಯಂತರ ಜನ ನೇರವಾಗಿ ಆರಿಸಿ ಕಳಿಸಿದ ರಾಷ್ಟ್ರಪತಿಗೆ ಅಧಿಕಾರ ಕೊಡದಿದ್ದರೆ ಅರ್ಥವಿಲ್ಲ, ಕೊಟ್ಟರೆ ಒಂದೇ ಮನೆಯಲ್ಲಿ ಇಬ್ಬರು ಯಜಮಾನರಾಗುತ್ತಾರೆ ಎಂಬುದು ನೆಹರೂ ಮೊದಲಾದವರ ಉತ್ತರವಾಗಿತ್ತು. ಆ ಉತ್ತರ ನನಗೆ ಒಪ್ಪಿಗೆ. ಹಾಗಾದರೆ ಉಳಿಯುವ ಪ್ರಶ್ನೆಗಳು ಮೂರು. ಎಣಿಸುವ ಕ್ರಮ ಸರಿಯೇ? ಮತದ ತೂಕ ಸರಿಯೇ? ನಮ್ಮ ಪರವಾಗಿ ಮತ ಹಾಕಿದವನು ನಮಗೆ ಲೆಕ್ಕ ಕೊಡುತ್ತಾನೆಯೇ?

ಎಣಿಕೆಯಿಂದ ಶುರು ಮಾಡೋಣ. ಈ ಚುನಾವಣೆಯಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು. ಇದಕ್ಕೆ ಪ್ರಾಶಸ್ತ್ಯ ಮತ ಎನ್ನುತ್ತಾರೆ. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದವನೇ ಗೆಲ್ಲುತ್ತಾನೆ. ಯಾರಿಗೂ ಅಷ್ಟು ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವನನ್ನು ತೆಗೆದು, ಅವನಿಗೆ ಬಿದ್ದ ಚೀಟಿಗಳಲ್ಲಿ ಎರಡನೆಯ ಅಂಕಿ ಯಾರ ಮುಂದಿದೆಯೋ ಅವರಿಗೆ ಮತ ಹಂಚುತ್ತಾರೆ. ನಮ್ಮ ಶಾಸಕರ ಚುನಾವಣೆ ಹೀಗಿಲ್ಲ. ಅಲ್ಲಿ ನೂರು ಮತಗಳಲ್ಲಿ ಒಬ್ಬನಿಗೆ 40, ಇನ್ನೊಬ್ಬನಿಗೆ 35, ಮತ್ತೊಬ್ಬನಿಗೆ 25 ಬಿದ್ದರೆ 40 ಬಂದವನು ಗೆದ್ದ. ಅವನು ಬೇಡ ಎಂದ 60 ಜನರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ.

ಈ ಎಣಿಕೆಯ ನಿಜವಾದ ಪರೀಕ್ಷೆ ನಡೆದದ್ದು 1969ರಲ್ಲಿ. ಅದರ ಆರಂಭ ಆದದ್ದು ನಮ್ಮ ಬೆಂಗಳೂರಿನಲ್ಲಿ, ಅದರ ನಡುವೆ ನಿಂತವರು ನಮ್ಮ ನಾಡಿನ ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿ ಝಾಕಿರ್ ಹುಸೇನ್ ಅವರು ಆ ವರ್ಷ ಮೇ 3ರಂದು ತೀರಿಕೊಂಡರು. ಜುಲೈ ತಿಂಗಳಲ್ಲಿ ಕಾಂಗ್ರೆಸ್ ಮಹಾಸಮಿತಿ ಬೆಂಗಳೂರಿನಲ್ಲಿ ಸೇರಿತು. ನಿಜಲಿಂಗಪ್ಪನವರು ಆಗ ಪಕ್ಷದ ಅಧ್ಯಕ್ಷರು. ಪಾರ್ಲಿಮೆಂಟರಿ ಬೋರ್ಡು ಬಹುಮತದಿಂದ ನೀಲಂ ಸಂಜೀವರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಬೇಕಿರಲಿಲ್ಲ. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದರು. ಇತ್ತ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖರನ್ನು ಬೆಂಬಲಿಸಿದವು. ನಿಜಲಿಂಗಪ್ಪನವರು ಆ ಪಕ್ಷಗಳ ಮುಖಂಡರನ್ನು ಕಂಡು, ನಿಮ್ಮ ಎರಡನೆಯ ಪ್ರಾಶಸ್ತ್ಯವನ್ನಾದರೂ ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಇದನ್ನೇ ಹಿಡಿದು ಇಂದಿರಾ ಬಣ, ಎದುರಾಳಿಗಳ ಜೊತೆ ಒಳಒಪ್ಪಂದ ಆಗಿದೆ ಎಂದಿತು. ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಕರೆ ಹೊರಟಿತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಕಣದಲ್ಲಿ 15 ಜನ. ಸಿಂಧುವಾದ ಮತಗಳ ಮೌಲ್ಯ 8,36,337. ಗೆಲ್ಲಲು ಬೇಕಾದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರಿಗೂ ಅರ್ಧ ದಾಟಲಿಲ್ಲ. ಉಳಿದವರನ್ನು ಒಬ್ಬೊಬ್ಬರನ್ನಾಗಿ ತೆಗೆದು ಮತ ಹಂಚುತ್ತಾ ಹೋದರು. ಕೊನೆಗೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಬೇಕಾದದ್ದಕ್ಕಿಂತ ಗಿರಿಯವರಿಗೆ ಹೆಚ್ಚು ಬಂದದ್ದು ಬರೀ 1,908. ಹಂಚಿಕೆಯಲ್ಲಿ ರೆಡ್ಡಿಯವರಿಗೆ 91,879 ಕೂಡಿತು, ಗಿರಿಯವರಿಗೆ 18,562 ಮಾತ್ರ.

ಈ ಅಂಕಿಗಳನ್ನು ನೋಡಿ ಎರಡು ಮಾತು ಹೇಳಬಹುದು. ಒಂದು, ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯ ಕೇಳಿದ್ದು ಮೋಸವಲ್ಲ. ಮೊದಲ ಆಯ್ಕೆ ನಿಮ್ಮದು ಇರಲಿ, ಅದು ಕೈಗೂಡದಿದ್ದರೆ ನಮ್ಮವರನ್ನು ನೆನೆಯಿರಿ ಎಂದು ಬಹಿರಂಗವಾಗಿ ಕೇಳಲಿ ಎಂದೇ ಆ ಎರಡನೆಯ ಅಂಕಿ ಇದೆ. ಎರಡು, ಪಕ್ಷ ಹೇಳಿದವರನ್ನು ಬಿಟ್ಟು ಗಿರಿಯವರಿಗೆ ಮತ ಹಾಕಿದ ಶಾಸಕರೂ ನಿಯಮ ಮುರಿಯಲಿಲ್ಲ. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಕೊಡುವಂತಿಲ್ಲ, ಮತ ಗುಪ್ತ. ತಾನೇ ಸಹಿ ಹಾಕಿದ ನಾಮಪತ್ರಕ್ಕೆ ವಿರುದ್ಧವಾಗಿ ನಡೆಯುವುದು ನೈತಿಕವಾಗಿ ಸರಿಯೇ ಎಂದು ಕೇಳಬಹುದು. ನಾನೂ ಕೇಳುತ್ತೇನೆ. ಆದರೆ ಅದು ವ್ಯಕ್ತಿಯ ನಡೆಗೆ ಸಂಬಂಧಿಸಿದ ಪ್ರಶ್ನೆ, ಎಣಿಕೆಯ ಪ್ರಶ್ನೆಯಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಮಾಜದ ಹಿರಿಯರ ನಡುವೆ 1969ರ ಮಾತು ಬಂದಾಗ "ನಿಜಲಿಂಗಪ್ಪನವರಿಗೆ ಅನ್ಯಾಯವಾಯಿತು" ಎಂದು ಹೇಳುವುದುಂಟು. ಅವರು ದೊಡ್ಡವರು, ಏಕೀಕರಣಕ್ಕೆ ದುಡಿದವರು, ಅವರ ಬಗ್ಗೆ ಅಭಿಮಾನ ಸಹಜ. ಆದರೆ ನಮ್ಮವರು ಗೆದ್ದರೆ ಪದ್ಧತಿ ಸರಿ, ಸೋತರೆ ಪದ್ಧತಿ ಮೋಸ ಎಂದು ಹೇಳತೊಡಗಿದರೆ ನಾವು ಸುಧಾರಣೆಯ ಮಾತಾಡುವವರು ಎಂದು ಕರೆದುಕೊಳ್ಳಲು ಯೋಗ್ಯರಲ್ಲ. ಜಾತಿ ನೋಡದೆ ಮನುಷ್ಯನನ್ನು ಅಳೆಯಬೇಕು ಎಂದು ಶರಣರಿಂದ ಕಲಿತವರು ಜಾತಿ ನೋಡಿ ಚುನಾವಣೆ ಅಳೆಯಬಾರದು.

ಸೋತವರು ಬೀದಿಗಿಳಿದು ಕಲ್ಲು ಹೊಡೆಯಲಿಲ್ಲ ಎಂಬುದನ್ನೂ ನೆನೆಯಬೇಕು. ರೆಡ್ಡಿಯವರ ಮೇಲೆ ಕೆಸರೆರಚುವ ಕರಪತ್ರ ಹಂಚಿ ಮತದಾರರ ಮೇಲೆ ಪ್ರಭಾವ ಬೀರಿದರು ಎಂದು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದರು. ಗಿರಿಯವರು ರಾಷ್ಟ್ರಪತಿಯಾಗಿದ್ದುಕೊಂಡೇ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿಗಳು ವಜಾ ಆದವು. ಎಲ್ಲರೂ ಒಪ್ಪಿಕೊಂಡರು. 1977ರಲ್ಲಿ ಅದೇ ಸಂಜೀವರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು.

ಆದರೆ ಆ "ಅವಿರೋಧ" ಎಂಬ ಮಾತಿನ ಹಿಂದೆ ಒಂದು ಬಾಗಿಲು ಮುಚ್ಚಿದ ಕತೆ ಇದೆ. 1977ರಲ್ಲಿ ನಾಮಪತ್ರ ಕೊಟ್ಟವರು 37 ಜನ, 36 ಜನರ ನಾಮಪತ್ರ ತಿರಸ್ಕೃತವಾಯಿತು. 1974ರ ತಿದ್ದುಪಡಿಯ ಪ್ರಕಾರ ಹತ್ತು ಸೂಚಕರು, ಹತ್ತು ಅನುಮೋದಕರು ಬೇಕಾಗಿತ್ತು. 1997ರಿಂದ ಅದು 50 ಸೂಚಕರು, 50 ಅನುಮೋದಕರು ಮತ್ತು 15,000 ರೂಪಾಯಿ ಠೇವಣಿ ಆಗಿದೆ. ಹೆಸರಿಗಾಗಿ ನಿಲ್ಲುವವರನ್ನು ತಡೆಯಲು ಈ ನಿಯಮ ಬಂತು, ಅದು ತಪ್ಪಲ್ಲ. ಆದರೆ ನೂರು ಸಂಸದರು, ಶಾಸಕರು ಸಹಿ ಹಾಕಬೇಕೆಂದರೆ ದೊಡ್ಡ ಪಕ್ಷಗಳು ಒಪ್ಪದ ಯಾವ ವಿದ್ವಾಂಸನೂ, ಸಮಾಜಸೇವಕನೂ ಕಣಕ್ಕೆ ಬರುವುದು ಕಷ್ಟ. ಹೀಗಾಗಿ ಈಗೀಗ ಇಬ್ಬರೇ ಎದುರಾಗುತ್ತಾರೆ, ಎರಡನೆಯ ಅಂಕಿ ಬರೆಯುವ ಪ್ರಸಂಗವೇ ಬರುವುದಿಲ್ಲ. ಎಣಿಕೆ ಒಳ್ಳೆಯದಿದೆ, ಅದಕ್ಕೆ ಕೆಲಸವಿಲ್ಲದಂತಾಗಿದೆ.

ಇಷ್ಟೆಲ್ಲ ಯಾಕೆ, ರಾಷ್ಟ್ರಪತಿ ಸಹಿ ಹಾಕುವವರು ಅಷ್ಟೇ ಎಂದು ಕೆಲವರು ಹೇಳುತ್ತಾರೆ. ಅವರಿಗೆ ಬಿ.ಡಿ. ಜತ್ತಿಯವರನ್ನು ನೆನಪಿಸುತ್ತೇನೆ. ಜಮಖಂಡಿ ತಾಲೂಕಿನ ಸಾವಳಗಿಯವರು, ಬಸವ ಸಮಿತಿ ಕಟ್ಟಿದವರು. ಉಪರಾಷ್ಟ್ರಪತಿಯಾಗಿದ್ದಾಗ, ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡದ್ದರಿಂದ 1977ರ ಫೆಬ್ರವರಿ 11ರಿಂದ ಜುಲೈ 25ರ ವರೆಗೆ ಹಂಗಾಮಿ ರಾಷ್ಟ್ರಪತಿಯಾದರು. ಆ ಏಪ್ರಿಲ್‌ನಲ್ಲಿ ಹೊಸ ಜನತಾ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕೆಂದು ಕಾಗದ ಕಳಿಸಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ದೊಡ್ಡ ಗದ್ದಲವಾಯಿತು. ಕೊನೆಗೆ ಸಹಿ ಹಾಕಿದರು. ಅವರು ತಡೆದದ್ದು ಸರಿಯೋ, ಸಹಿ ಹಾಕಿದ್ದು ಸರಿಯೋ ಎಂದು ಇಂದಿಗೂ ವಾದ ಮಾಡಬಹುದು. ಆದರೆ ಆ ಕುರ್ಚಿಯಲ್ಲಿ ಕುಳಿತ ಮನುಷ್ಯ ಒಂದು ಕ್ಷಣ ಪೆನ್ನು ಕೆಳಗಿಟ್ಟರೆ ದೇಶ ನಿಂತು ನೋಡುತ್ತದೆ ಎಂಬುದು ಖಾತ್ರಿ. ಆದ್ದರಿಂದ ಅಲ್ಲಿ ಯಾರು ಕೂಡಬೇಕು ಎಂಬುದು ಸಣ್ಣ ಮಾತಲ್ಲ.

ಈಗ ಎರಡನೆಯ ಪ್ರಶ್ನೆ, ತೂಕದ್ದು. ನಮ್ಮ ಸಹಕಾರಿ ಸಂಘಗಳಲ್ಲಿ ಸಾವಿರ ರೂಪಾಯಿ ಷೇರಿನವನಿಗೂ ಲಕ್ಷ ರೂಪಾಯಿ ಷೇರಿನವನಿಗೂ ಒಂದೇ ಮತ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಹಕಾರಿ ಸಂಘ ಶುರುವಾದ ನಾಡು ನಮ್ಮದು, ಈ ತತ್ವ ನಮಗೆ ರೂಢಿಯಾಗಿದೆ. ಹಾಗಾದರೆ ಕರ್ನಾಟಕದ ಶಾಸಕನಿಗೆ 131, ಉತ್ತರ ಪ್ರದೇಶದವನಿಗೆ 208, ಸಿಕ್ಕಿಂನವನಿಗೆ 7 ಯಾಕೆ? ಇಲ್ಲಿ ಶಾಸಕ ತನಗಾಗಿ ಮತ ಹಾಕುವುದಿಲ್ಲ, ತಲೆಗಳ ಪರವಾಗಿ ಹಾಕುತ್ತಾನೆ. ತಲೆ ಹೆಚ್ಚಿದ್ದಲ್ಲಿ ಬೆಲೆ ಹೆಚ್ಚು. ಅದರಲ್ಲಿ ಅನ್ಯಾಯವಿಲ್ಲ.

ತೊಡಕು ಇರುವುದು 1971ರಲ್ಲಿ. ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ನಷ್ಟವಾಗಬಾರದು ಎಂದು 1976ರ 42ನೆಯ ತಿದ್ದುಪಡಿ ಆ ವರ್ಷದ ಲೆಕ್ಕವನ್ನೇ ಹಿಡಿದು ನಿಲ್ಲಿಸಿತು. 84ನೆಯ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವ ವರೆಗೆ ಮುಂದುವರಿಸಿತು. ಅಂದರೆ ಆ ಗಡುವು ಈಗ ಮನೆ ಬಾಗಿಲಿಗೆ ಬಂದಿದೆ.

ಲೆಕ್ಕ ಬದಲಾದರೆ ಏನಾಗುತ್ತದೆ? 2011ರ ಜನಗಣತಿಯನ್ನು ಹಿಡಿದು ಗುಣಿಸಿ ನೋಡಿದೆ. ಕರ್ನಾಟಕದ ಶಾಸಕನ ಬೆಲೆ 273 ಆಗುತ್ತದೆ, ಉತ್ತರ ಪ್ರದೇಶದವನದು 496. ಈಗ ತಮಿಳುನಾಡಿನ ಶಾಸಕನಿಗೆ 176, ಬಿಹಾರದವನಿಗೆ 173, ಹೆಚ್ಚುಕಡಿಮೆ ಸಮ. ಹೊಸ ಲೆಕ್ಕದಲ್ಲಿ ತಮಿಳುನಾಡಿಗೆ 308, ಬಿಹಾರಕ್ಕೆ 428. ದಕ್ಷಿಣದವರು ಹೆದರುವುದು ಇದಕ್ಕೇ. ಹೇಳಿದ ಮಾತು ಕೇಳಿ ಸಣ್ಣ ಕುಟುಂಬ ಮಾಡಿಕೊಂಡವನಿಗೆ ಶಿಕ್ಷೆಯೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು.

ಆದರೆ ಇನ್ನೊಂದು ಬದಿಯೂ ಇದೆ, ಅದನ್ನು ಮುಚ್ಚಿಡಬಾರದು. 2011ರ ಜನರನ್ನು ಇಟ್ಟುಕೊಂಡು ನೋಡಿದರೆ, ಇಂದು ಒಂದು ಮತಮೌಲ್ಯದ ಹಿಂದೆ ಕೇರಳದಲ್ಲಿ ಸುಮಾರು 1,570 ಜನ, ಬಿಹಾರದಲ್ಲಿ ಸುಮಾರು 2,476 ಜನ ಇದ್ದಾರೆ. ಬಿಹಾರದ ಕೂಲಿಕಾರನ ತಲೆ ಕೇರಳದವನ ತಲೆಗಿಂತ ಹಗುರವೇ? ಎಲ್ಲ ಮನುಷ್ಯರೂ ಸಮ ಎಂದು ಈ ವೇದಿಕೆಯ ಮೇಲೆ ತಿಂಗಳು ತಿಂಗಳು ಹೇಳುವ ನಾವು ಈ ಪ್ರಶ್ನೆಗೆ ಬೆನ್ನು ತಿರುಗಿಸುವಂತಿಲ್ಲ. ಕರ್ನಾಟಕದಲ್ಲಿ ಆ ಸಂಖ್ಯೆ ಸುಮಾರು 2,082. ನಾವು ನಡುವೆ ಇದ್ದೇವೆ. ರಾಜ್ಯಗಳ ಒಟ್ಟು ಮತಮೌಲ್ಯದಲ್ಲಿ ನಮ್ಮ ಪಾಲು ಈಗ ನೂರಕ್ಕೆ 5.4, ಹೊಸ ಲೆಕ್ಕದಲ್ಲಿ ಸುಮಾರು 5 ಆಗಬಹುದು. ಕಳೆದುಕೊಳ್ಳುವುದು ಇದೆ, ಆದರೆ ಸ್ವಲ್ಪ. ನಡುವೆ ಇರುವವರಿಗೆ ಒಂದು ಹೊಣೆ ಇರುತ್ತದೆ. ಅಣ್ಣತಮ್ಮಂದಿರ ಆಸ್ತಿ ಪಾಲಿನಲ್ಲಿ ಎರಡೂ ಕಡೆಯ ಮಾತು ಕೇಳಿ ಪಂಚರಾಗಿ ಕೂಡಬಲ್ಲವನು ನಡುವಿನವನೇ. ಸಮಾನತೆಯೂ ಉಳಿಯಬೇಕು, ಕೊಟ್ಟ ಮಾತೂ ಉಳಿಯಬೇಕು. ಎರಡನ್ನೂ ಹೊಂದಿಸುವ ದಾರಿ ಯಾವುದು ಎಂದು ಬಹಿರಂಗವಾಗಿ ಚರ್ಚೆಯಾಗಬೇಕು. ಕರ್ನಾಟಕದ ಶಾಸಕರು, ಸಂಸದರು ಆ ಚರ್ಚೆಯಲ್ಲಿ ಏನು ಹೇಳುತ್ತಾರೆ ಎಂದು ನಮಗೆ ಮೊದಲೇ ಗೊತ್ತಾಗಬೇಕು.

ಇಲ್ಲಿಂದ ಮೂರನೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ದೊಡ್ಡ ಕೊರತೆ ಇರುವುದು ಇಲ್ಲಿ. 2022ರ ಜುಲೈ 18ರಂದು ಮತದಾನ ನಡೆಯಿತು. ನಮ್ಮ ಶಾಸಕರು ವಿಧಾನಸೌಧದಲ್ಲಿ ಮತ ಹಾಕಿದರು. ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177 ಬಂತು. ಆದಿವಾಸಿ ಸಮುದಾಯದ ತಾಯಿಯೊಬ್ಬರು ಆ ಪೀಠಕ್ಕೆ ಬಂದದ್ದು ನಮಗೆಲ್ಲ ಸಂತೋಷದ ಸಂಗತಿ. ಆದರೆ ಅದೇ ಚುನಾವಣೆಯಲ್ಲಿ 53 ಮತಗಳು ಅಸಿಂಧುವಾದವು. ಮತ ಹಾಕಿದವರು ಕಾನೂನು ಮಾಡುವ ಜನ. ಬರೆಯಬೇಕಾದದ್ದು 1 ಎಂಬ ಅಂಕಿ. ಪೆನ್ನನ್ನೂ ಆಯೋಗವೇ ಕೊಡುತ್ತದೆ. ತಪ್ಪು ಬರೆದರೋ, ಬೇಕೆಂದೇ ಕೆಡಿಸಿದರೋ, ಗುಪ್ತ ಮತವಾದ್ದರಿಂದ ತಿಳಿಯುವುದಿಲ್ಲ. ಒಂದು ಶಾಸಕನ ಮತ ಕೆಟ್ಟರೆ ನಮ್ಮಲ್ಲಿ ಕೆಡುವುದು 131. ಅದು ಅವನ ಮನೆಯ ಆಸ್ತಿಯಲ್ಲ, 1971ರ ಲೆಕ್ಕದ ಒಂದು ಲಕ್ಷ ಮೂವತ್ತು ಸಾವಿರ ಜನರ ಪಾಲು.

ಮತ ಗುಪ್ತವಾಗಿರಬಾರದು ಎಂದು ನಾನು ಹೇಳುತ್ತಿಲ್ಲ. ಪಕ್ಷದ ಹೆದರಿಕೆ, ಹಣದ ಆಸೆ, ನಾಯಕನ ಕಣ್ಣು ಇವುಗಳಿಂದ ಶಾಸಕನನ್ನು ಕಾಪಾಡಲು ಗುಪ್ತ ಮತ ಬೇಕು. ಅದಿಲ್ಲದಿದ್ದರೆ ಆತ್ಮಸಾಕ್ಷಿ ಎಂಬ ಮಾತಿಗೆ ಜಾಗವೇ ಇಲ್ಲ. ಆದರೆ ಪಕ್ಷದಿಂದ ಕಾಪಾಡಲು ಕೊಟ್ಟ ಪರದೆಯನ್ನು ಜನರಿಂದ ಅಡಗಿಕೊಳ್ಳಲು ಬಳಸಬಾರದು. ಮತದಾನಕ್ಕೆ ಮೊದಲು ಕ್ಷೇತ್ರಕ್ಕೆ ಬಂದು, "ನಾನು ಇಂಥ ಗುಣ ನೋಡಿ ಮತ ಹಾಕುತ್ತೇನೆ, ಕಾರಣ ಇದು" ಎಂದು ಹೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ನಮ್ಮ ಹೊಲಕ್ಕೆ ಮಲಪ್ರಭೆಯ ನೀರು ಯಾಕೆ ಬರಲಿಲ್ಲ ಎಂದು ಕೇಳುತ್ತೇವೆ. ನಮ್ಮ 131 ಮತ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ.

ಅನುಭವ ಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟು ಎಂದು ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅಲ್ಲಿ ಚೀಟಿ ಎತ್ತಿರಲಿಲ್ಲ, ಮತ ಎಣಿಸಿರಲಿಲ್ಲ. ಇಂದಿನ ಚುನಾವಣೆಯನ್ನು ಅಲ್ಲಿಗೆ ಒಯ್ದು ಅಂಟಿಸುವುದು ಬೇಡ. ಆದರೆ ಶೂನ್ಯಸಂಪಾದನೆಯನ್ನು ಓದಿದವರಿಗೆ ಗೊತ್ತು, ಅಲ್ಲಿ ಎಂಥ ದೊಡ್ಡವರು ಬಂದರೂ ಪ್ರಶ್ನೆಗಳನ್ನು ಎದುರಿಸಿಯೇ ಒಳಗೆ ಬರಬೇಕಾಗಿತ್ತು. ಅಕ್ಕಮಹಾದೇವಿಗೂ ಅದು ತಪ್ಪಲಿಲ್ಲ, ಸಿದ್ಧರಾಮನಿಗೂ ತಪ್ಪಲಿಲ್ಲ. ಪೀಠದ ಮೇಲೆ ಅಲ್ಲಮಪ್ರಭುಗಳು ಕುಳಿತದ್ದು ಕುಲದಿಂದಲ್ಲ. ನಾವು ಅಲ್ಲಿಂದ ತರಬೇಕಾದದ್ದು ಪ್ರಶ್ನೆ ಕೇಳುವ ರೂಢಿಯನ್ನು.

ಆದ್ದರಿಂದ ಅಪ್ಪಗಳ ಅಪ್ಪಣೆ ಪಡೆದು ಈ ಗೋಷ್ಠಿಯ ಮುಂದೆ ಒಂದು ಸೂಚನೆ ಇಡುತ್ತೇನೆ. 2027ರ ಚುನಾವಣೆಗೆ ಮುಂಚೆ ನಾಲ್ಕೂ ತಾಲೂಕುಗಳಲ್ಲಿ ಒಂದೊಂದು ಸಭೆ ಕರೆಯೋಣ. ಶಾಸಕರು ಯಾವ ಪಕ್ಷದವರಾದರೂ ಸರಿ, ಇಬ್ಬರೂ ಸಂಸದರನ್ನೂ ಕೂಡಿಸಿ ಗೌರವದಿಂದ ಕರೆಯೋಣ. ಹಾರ, ಶಾಲು ಆಮೇಲೆ. ಮೊದಲು ಮೂರು ಪ್ರಶ್ನೆ ಕೇಳೋಣ. ರಾಷ್ಟ್ರಪತಿಯಲ್ಲಿ ನೀವು ಯಾವ ಗುಣ ನೋಡುತ್ತೀರಿ, ಪಕ್ಷ ಹೇಳಿದವರಲ್ಲಿ ಅದು ಇಲ್ಲದಿದ್ದರೆ ಏನು ಮಾಡುತ್ತೀರಿ? 1971ರ ಲೆಕ್ಕ ಬದಲಾಗುವಾಗ ಕರ್ನಾಟಕದ ಪರವಾಗಿ ನಿಮ್ಮ ನಿಲುವು ಏನು, ಬಿಹಾರದ ಬಡವನಿಗೆ ನಿಮ್ಮ ಉತ್ತರ ಏನು? ನೂರು ಸಹಿ ಬೇಕೆಂಬ ನಿಯಮ ಕಡಿಮೆ ಮಾಡಲು ನೀವು ಒಪ್ಪುತ್ತೀರಾ? ಯಾರಿಗೆ ಮತ ಹಾಕಿ ಎಂದು ಮಠ ಹೇಳಬಾರದು. ಆ ಕಾಲುವೆಗೆ ಇಳಿದರೆ ಮಠಕ್ಕೂ ಕೆಸರು, ಚುನಾವಣೆಗೂ ಕೆಸರು. ಕಾರಣ ಕೇಳುವುದಷ್ಟೇ ನಮ್ಮ ಕೆಲಸ.

ಈ ಚುನಾವಣೆ ನ್ಯಾಯವಾದದ್ದೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟು: ಎಣಿಕೆ ನ್ಯಾಯವಾಗಿದೆ, ನಮ್ಮ ಶಾಸಕರ ಚುನಾವಣೆಗಿಂತಲೂ ಹೆಚ್ಚು. ತೂಕ ಒಂದು ಕರಾರು, ಅದನ್ನು ಹೊಸದಾಗಿ ಮಾಡಿಕೊಳ್ಳುವ ಕಾಲ ಬಂದಿದೆ. ಲೆಕ್ಕ ಕೇಳುವ ಕೆಲಸ ಮಾತ್ರ ಇನ್ನೂ ಶುರುವೇ ಆಗಿಲ್ಲ, ಅದನ್ನು ಶುರು ಮಾಡಬೇಕಾದವರು ಇಲ್ಲಿ ಕುಳಿತವರೇ.

 ಈಗ ನೀವು ಕೇಳಿರಿ, ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿರಿ.